ಎರಡು ಸ್ವರದ ಪರೀಕ್ಷೆ

ಇವತ್ತು ಹ್ಯಾಮ್ (ಹವ್ಯಾಸಿ) ರೇಡಿಯೋದ ಎಸ್‌ಎಸ್‌ಬಿ ಸಿಗ್ನಲ್ ಪರೀಕ್ಷೆ ಮಾಡಿದೆ. ಎಸ್‌ಎಸ್‌ಬಿ ಅಂದರೆ ರೇಡಿಯೋದಲ್ಲಿ ಮಾತು ಕಳಿಸುವ ಒಂದು ವಿಧಾನ. ಆಂಟೆನಾ ಬಿಚ್ಚಿ 50 ಓಮ್‌ನ ಡಮ್ಮಿ ಲೋಡ್ ಹಾಕಿದೆ; ಅದು ಸಿಗ್ನಲ್ಲನ್ನು ಗಾಳಿಗೆ ಬಿಡದೆ ಶಾಖವಾಗಿಸುವ ರೆಸಿಸ್ಟರ್. ಸುಮ್ನೆ ಬ್ಯಾಂಡಿನಲ್ಲಿ ಕಿರುಚಿ ಬೇರೆಯವರಿಗೆ ಯಾಕೆ ತೊಂದರೆ, ಅಲ್ವಾ? ಮೈಕ್ ಬದಲು 700 ಮತ್ತು 1900 ಹರ್ಟ್ಸ್‌ನ ಎರಡು ಸ್ವರಗಳನ್ನು ಒಟ್ಟಿಗೆ ಕೊಟ್ಟೆ. ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್‌ನಲ್ಲಿ ಮಣಿಸರದ ಹಾಗೆ ಚೆಂದದ ಅಲೆ. ಡ್ರೈವ್ (ಆಂಪ್ಲಿಫೈಯರ್‌ಗೆ ಕೊಡುವ ಸಿಗ್ನಲ್ಲಿನ ಮಟ್ಟ) ಜಾಸ್ತಿ ಮಾಡುತ್ತಾ ಹೋದರೆ ಮಣಿಗಳ ತಲೆಯೇ ಚಪ್ಪಟೆ! ಆಗ ನಾವು ಕೊಡದ ಸ್ವರಗಳೂ ಹುಟ್ಟುತ್ತವೆ. 1900ರ ಎರಡರಷ್ಟರಲ್ಲಿ 700 ಕಳೆದರೆ 3100. ಅದು ಹೋಗಿ ಪಕ್ಕದವರ ಮಾತಿನ ಮೇಲೆ ಬೀಳುತ್ತದೆ.

ಒಂದೇ ಸ್ವರ ಕೊಟ್ಟರೆ ಈ ಕಲಬೆರಕೆ ಕಾಣುವುದೇ ಇಲ್ಲ. ಇಬ್ಬರು ಸೇರಿದಾಗಲೇ ಗುಣ ಗೊತ್ತಾಗುವುದು ಮನುಷ್ಯರಲ್ಲಿ ಮಾತ್ರ ಅಂದುಕೊಂಡಿದ್ದೆ.

ಡ್ರೈವ್ ಇಳಿಸಿದೆ. ಪವರ್ ಅರ್ಧಕ್ಕೆ ಇಳಿದರೂ ಕೇಳುವವರಿಗೆ ಕಡಿಮೆಯಾಗುವುದು 3 ಡಿಬಿ (ಡೆಸಿಬೆಲ್), ಅಂದರೆ ರಿಸೀವರಿನ ಸಿಗ್ನಲ್ ಮೀಟರಿನಲ್ಲಿ ಅರ್ಧ ಅಂಕ (ಎಸ್ ಪಾಯಿಂಟ್) ಅಷ್ಟೇ.