ಸ್ಟ್ರಿಪ್ ಕಪ್ಪಾಗಿತ್ತು, ಫೈಲ್ ಕೊಳೆಯಾಗಿತ್ತು

ನಾನು ದಾವಣಗೆರೆಯ ಒಂದು ಕ್ಲಿನಿಕ್‌ನಲ್ಲಿ ಡೆಂಟಲ್ ಅಸಿಸ್ಟೆಂಟ್. ಹೆಸರು ಬೇಡ, ಸಂಬಳ ಅಲ್ಲಿಂದಲೇ ಬರಬೇಕು. ಬಂದವರ ಕಣ್ಣಿಗೆ ಮೊದಲು ಬೀಳುವುದು ಸಲಕರಣೆ ಇಡುವ ನಮ್ಮ ಯುವಿ (ಅಲ್ಟ್ರಾವಯಲೆಟ್ ಬೆಳಕಿನ) ಚೇಂಬರ್. ಗಾಜಿನ ಬಾಗಿಲು, ನೀಲಿ ಲೈಟು, ನೋಡೋಕೆ ಭರ್ಜರಿ. ಆದರೆ ಬೆಳಕು ಬಿದ್ದ ಕಡೆ ಮಾತ್ರ ಅದರ ಆಟ. ಆರ್‌ಸಿಟಿಯಲ್ಲಿ, ಅಂದರೆ ರೂಟ್ ಕೆನಾಲ್ ಮಾಡುವಾಗ, ಹಲ್ಲಿನ ಬೇರಿನ ಒಳಗೆ ಕೆರೆಯುವ ಸೂಜಿಯಂಥ ಫೈಲಿನ ತಿರುವುಗಳ ಸಂದಿಗೆ ಬೆಳಕು ಎಲ್ಲಿಂದ ಹೋಗಬೇಕು? ನಿಜವಾಗಿ ಬೇಕಾಗಿದ್ದ, ಶಬ್ದದ ಅಲೆಯಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ಕ್ಲೀನರ್ ಕೆಟ್ಟು ರಿಪೇರಿಗೆ ಹೋಗಿತ್ತು. ಅದು ಇರುವುದು ಒಳಗಿನ ರೂಮಿನಲ್ಲಿ, ಪೇಷೆಂಟಿಗೆ ಕಾಣುವುದಿಲ್ಲ. ಹಾಗಾಗಿ ಯಾರಿಗೂ ಅವಸರ ಇರಲಿಲ್ಲ.

ಅವತ್ತು ಚೇರ್‌ನಲ್ಲಿದ್ದವರು ರಿಟೈರ್ಡ್ ಮೇಷ್ಟ್ರು. ಮೇಲಿನ ಕೋರೆಹಲ್ಲು. ಬಾಯಲ್ಲಿ ಎಲ್ಲಕ್ಕಿಂತ ಉದ್ದದ ಹಲ್ಲು ಅದು. ಬೇರಿನ ತುದಿ ಎಲ್ಲಿದೆ ಅಂತ ತೋರಿಸುವ ಏಪೆಕ್ಸ್ ಲೊಕೇಟರ್ ಇಟ್ಟು ನೋಡಿದರೆ ವರ್ಕಿಂಗ್ ಲೆಂತ್, ಅಂದರೆ ಫೈಲು ಒಳಗೆ ಹೋಗಬೇಕಾದ ಉದ್ದ, 26 ಎಂಎಂ. ನಮ್ಮಲ್ಲಿ 10, 15 ನಂಬರಿನ ತೆಳು ಫೈಲುಗಳನ್ನು (ನಂಬರ್ ಅಂದರೆ ದಪ್ಪ) ಪ್ರತಿ ಪೇಷೆಂಟಿಗೂ ಹೊಸದು ಹಾಕುತ್ತೇವೆ, ಅಷ್ಟರಮಟ್ಟಿಗೆ ನಮ್ಮ ಡಾಕ್ಟರ್ ಮೇಡಂ ಜಗಳ ಮಾಡಿ ಗೆದ್ದಿದ್ದಾರೆ. ಬಿಳಿ ಹಿಡಿಯ 15 ಮುಗಿಯಿತು. ಹಳದಿಯ 20 ಬೇಕು, ಆಮೇಲೆ ಕೆಂಪಿನ 25. 31 ಎಂಎಂ ಉದ್ದದ ಫೈಲಿದ್ದ ಪೌಚ್ ಹರಿದು, ಆಳದ ಗುರುತಿಗಿರುವ ರಬ್ಬರ್ ಸ್ಟಾಪರ್ 26ಕ್ಕೆ ಸರಿಸಿ ಮೇಡಂ ಕೈಗೆ ಕೊಟ್ಟೆ.

ಮೇಡಂ ಕೈ ಹಲ್ಲಿನ ಹತ್ತಿರ ಹೋಗಿ ನಿಂತಿತು. ದೊಡ್ಡದಾಗಿ ತೋರಿಸುವ ಕನ್ನಡಕ, ಲೂಪ್ಸ್, ಹಾಕಿದ್ದರು. ಫೈಲನ್ನು ಲೈಟಿನ ಕೆಳಗೆ ತಂದು ನಿಧಾನಕ್ಕೆ ತಿರುಗಿಸಿದರು.

"ಇದು ಯಾರ ಹಲ್ಲಿನ ಪುಡಿ?"

ಮೆಲ್ಲಗೇ ಕೇಳಿದ್ದು. ನಾನು ಮೆಲ್ಲಗೆ ಉತ್ತರ ಕೊಡಬೇಕಿತ್ತು, ಅಥವಾ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಬಿಸಿ ಹಬೆ ತಾಗಿದರೆ ಬಣ್ಣ ಬದಲಾಗುವ ಸ್ಟ್ರಿಪ್ ಇರುವ ಆ ಪೌಚ್ ಎತ್ತಿ ಹಿಡಿದು, "ಸ್ಟೆರೈಲ್ ಆಗಿದೆ ಮೇಡಂ, ಸ್ಟ್ರಿಪ್ ನೋಡಿ, ಕಪ್ಪಾಗಿದೆ" ಅಂತ ಜೋರಾಗಿಯೇ ಹೇಳಿಬಿಟ್ಟೆ. ಹಲ್ಲು ಮಾತ್ರ ಹೊರಗೆ ಬಿಟ್ಟು ಬಾಯಿಗೆ ಹಾಕುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಕೆಳಗೆ ಮೇಷ್ಟ್ರಿಗೆ ಮಾತಾಡೋಕೆ ಆಗುವುದಿಲ್ಲ. ಕಣ್ಣು ಮಾತ್ರ ಒಮ್ಮೆ ನನ್ನ ಕಡೆ, ಒಮ್ಮೆ ಮೇಡಂ ಕಡೆ ಹೊರಳುತ್ತಿತ್ತು.

ಮೇಡಂ ಫೈಲನ್ನು ನನ್ನ ಮುಖದ ಹತ್ತಿರ ಹಿಡಿದರು. ತುದಿಯಿಂದ ಸ್ವಲ್ಪ ಮೇಲೆ, ತಿರುವುಗಳ ನಡುವೆ, ಗೋಡೆಗೆ ಹೊಡೆದ ಪುಟ್ಟಿಯ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಬರಿಗಣ್ಣಿಗೆ ಅದು ಲೋಹದ ಹೊಳಪು ಅನಿಸುತ್ತದೆ. ಎರಡನೇ ಪೌಚ್ ಹರಿದೆ, ಅದೂ ಹಾಗೇ. ಬೆಳಗಿನ ಬ್ಯಾಚ್ ಪೂರ್ತಿ ಹಾಗೇ. ಸ್ಟ್ರಿಪ್ ಹೇಳುವುದು ಪೌಚಿಗೆ ಬಿಸಿ, ಹಬೆ ತಾಗಿತು ಅಂತ ಮಾತ್ರ. ಫೈಲ್ ತೊಳೆದಿದ್ದರೋ ಇಲ್ಲವೋ ಅದಕ್ಕೇನು ಗೊತ್ತು? ಗಟ್ಟಿಯಾಗಿ ಕೂತ ಕೊಳೆಯ ಒಳಗೆ ಹಬೆ ಹೋಗುತ್ತದೆ ಅಂತ ಗ್ಯಾರಂಟಿ ಇಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಚೇರಿನ ಲೈಟು ಎಳೆಯುತ್ತದೆ, ಹಬೆಯಲ್ಲಿ ಸ್ಟೆರೈಲ್ ಮಾಡುವ ಆಟೋಕ್ಲೇವ್ ಎಳೆಯುವುದಿಲ್ಲ. ಕರೆಂಟ್ ಇದ್ದಿದ್ದರೂ 134 ಡಿಗ್ರಿ ಸೈಕಲ್, ಆಮೇಲೆ ಡ್ರೈಯಿಂಗ್, ಎಲ್ಲ ಸೇರಿ ಅಷ್ಟು ಹೊತ್ತು ಮೇಷ್ಟ್ರನ್ನು ಬಾಯಿ ತೆರೆಸಿ ಕೂರಿಸೋಕೆ ಆಗುತ್ತಾ? ಬೀರುವಿನಲ್ಲಿ ಒಡೆಯದ ಪ್ಯಾಕೆಟ್ ಇದ್ದದ್ದು ನೆನಪಾಗಿ ಓಡಿದೆ. ಸಿಕ್ಕಿತು! ಒಂದು ಕ್ಷಣ ಗೆದ್ದೆ ಅನ್ನಿಸಿತು. ಲೇಬಲ್ ಓದಿದರೆ 21 ಎಂಎಂ. 26ರ ಹಲ್ಲಿಗೆ ಏನು ಪ್ರಯೋಜನ? ಸಾಲದ್ದಕ್ಕೆ ಮೇಡಂ ಪ್ಯಾಕೆಟ್ ತಿರುಗಿಸಿ ತೋರಿಸಿದರು, ಅದರ ಮೇಲೆ ಸ್ಟೆರೈಲ್ ಅಂತ ಎಲ್ಲೂ ಇಲ್ಲ. ಹೊಸದಾದರೂ ಮೊದಲ ಸಲ ಆಟೋಕ್ಲೇವ್ ಆಗಲೇಬೇಕಾದ ಮಾಲು.

ಬೇರಿನ ಒಳಗನ್ನು ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್) ತೊಳೆದು, ಪೇಪರ್ ಪಾಯಿಂಟ್ ಅನ್ನುವ ಕಾಗದದ ಕಡ್ಡಿಯಲ್ಲಿ ಒಣಗಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಔಷಧಿ ಇಟ್ಟು ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸಿದೆವು. ಡ್ಯಾಮ್ ತೆಗೆದ ತಕ್ಷಣ ಮೇಷ್ಟ್ರು ಕೇಳಿದ ಮೊದಲ ಮಾತು, "ಆ ಪುಡಿ ನನ್ನ ಬಾಯಿಗೆ ಹೋಯ್ತೇನಮ್ಮಾ?" ಮೇಡಂ ಸುತ್ತಿಬಳಸಲಿಲ್ಲ. "ಹೋಗಲಿಲ್ಲ ಸರ್. ಅದಕ್ಕೇ ಇವತ್ತು ನಿಲ್ಲಿಸಿದ್ದು." ಬಿಲ್ಲಿಂಗ್ ಕೌಂಟರಿನಲ್ಲಿ ಮಾತ್ರ ಅವರ ಹತ್ತಿರ ಅವತ್ತಿನ ಸಿಟ್ಟಿಂಗಿನ ದುಡ್ಡು ತೆಗೆದುಕೊಂಡರು ಅಂತ ಆಮೇಲೆ ಗೊತ್ತಾಯಿತು.

ಬ್ಯಾಚ್ ಹಾಕಿದ್ದು ಹೊಸ ಹುಡುಗ. ಅವನನ್ನು ಬೈದು ಏನು ಬಂತು? ಹಿಂದಿನ ಸಂಜೆ ಬಳಸಿದ ಫೈಲುಗಳು ಒಣ ಸ್ಪಂಜಿನಲ್ಲಿ ಚುಚ್ಚಿಕೊಂಡು ರಾತ್ರಿಯಿಡೀ ಕೂತಿದ್ದವು. ಒಣಗಿದ ಮೇಲೆ ಬ್ರಷ್ ಎಷ್ಟು ತಿಕ್ಕಿದರೂ ಬರುವುದಿಲ್ಲ. ಚೇರ್‌ ಪಕ್ಕದಲ್ಲೇ ಎಂಜೈಮ್ ದ್ರಾವಣದಲ್ಲಿ ನೆನೆಯಬೇಕು, ಆಮೇಲೆ ಅಲ್ಟ್ರಾಸೋನಿಕ್, ಆಮೇಲೆ ನೀರು, ಆಮೇಲೆ ಒಂದೊಂದನ್ನೂ ಲೆನ್ಸ್ ಕೆಳಗೆ ನೋಡುವುದು. ತಿರುವು ಬಿಚ್ಚಿಕೊಂಡಿದ್ದರೆ, ಬಾಗಿದ್ದರೆ ಸೀದಾ ಚೂಪಾದ ಕಸದ ಬಿಳಿ ಶಾರ್ಪ್ಸ್ ಡಬ್ಬಿಗೆ. ಹೈಪೋದಲ್ಲೇ ಗಂಟೆಗಟ್ಟಲೆ ಬಿಟ್ಟರೆ ಲೋಹವನ್ನೇ ತಿನ್ನುತ್ತದೆ. ಹುಡುಗ ಇನ್ನೊಂದು ಕೆಲಸ ಮಾಡಿದ್ದ. ಕೆಲವು ಪೌಚುಗಳು ಒದ್ದೆ ಇದ್ದಾಗಲೇ ತೆಗೆದು, ಪೇಪರ್ ಬದಿಗೆ ಬಾಲ್‌ಪೆನ್ನಿನಲ್ಲಿ ಒತ್ತಿ ತಾರೀಖು ಬರೆದು, ಒಂದರ ಮೇಲೊಂದು ಪೇರಿಸಿ ಯುವಿ ಚೇಂಬರಿಗೆ ತುಂಬಿದ್ದ. ಒದ್ದೆ ಪೌಚ್ ಅಂದರೆ ಲೆಕ್ಕಕ್ಕಿಲ್ಲದ ಪೌಚ್. ತಾರೀಖು ಬರೆಯಬೇಕಾದದ್ದು ಸೀಲಿನ ಆಚೆ ಪ್ಲಾಸ್ಟಿಕ್ ಅಂಚಿನ ಮೇಲೆ. ಅವನಿಗೆ ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡೋಕೆ ನನಗೆ ಟೈಮ್ ಕೊಟ್ಟವರೂ ಇಲ್ಲ.

ಮೀಟಿಂಗಿನಲ್ಲಿ ಮೇಡಂ ಇಂಗ್ಲೆಂಡಿನ ವಿಷಯ ತೆಗೆದರು. ಅಲ್ಲಿ 2007ರಲ್ಲೇ ಆರ್‌ಸಿಟಿ ಫೈಲು, ರೀಮರುಗಳನ್ನು ಒಬ್ಬರಿಗೆ ಬಳಸಿ ಎಸೆಯಿರಿ ಅಂತ ಸರ್ಕಾರವೇ ಹೇಳಿತು, ಆಟೋಕ್ಲೇವಿಗೂ ಬಗ್ಗದ ಪ್ರಿಯಾನ್ ಅನ್ನುವ ರೋಗ ತರುವ ಪ್ರೋಟೀನಿನ ಭಯಕ್ಕೆ. "ಅದು ಇಂಗ್ಲೆಂಡ್ ಡಾಕ್ಟ್ರೇ, ನಮ್ಮ ಆರ್‌ಸಿಟಿ ರೇಟು ಗೊತ್ತಲ್ವಾ" ಅಂದರು ಮ್ಯಾನೇಜರ್. ಹಾಗಾದರೆ ಅಲ್ಟ್ರಾಸೋನಿಕ್ ಯಾವಾಗ ಬರುತ್ತೆ ಅಂತ ನಾನು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಸ್ಟೆರಿಲೈಸೇಷನ್ ರೂಮಿಗೆ ಕ್ಯಾಮೆರಾ ಬಂತು. ಈಗ ನಾನು ಲೆನ್ಸ್ ಹಿಡಿದು ಬ್ರಷ್‌ನಲ್ಲಿ ಫೈಲು ತಿಕ್ಕುವುದನ್ನು ಮ್ಯಾನೇಜರ್ ಆಫೀಸಿನಲ್ಲಿ ಕೂತು ನೋಡಬಹುದು.