ಮಂಡಿಪೇಟೆಯಲ್ಲಿ ಉಂಗುರದ ಲೆಕ್ಕ

ದಾವಣಗೆರೆ
8 ಫೆಬ್ರವರಿ 2025, ಶನಿವಾರ

ತಮ್ಮನ ನಿಶ್ಚಿತಾರ್ಥಕ್ಕೆ ಹುಡುಗಿಗೆ ಹಾಕೋ ಉಂಗುರ ಇವತ್ತು ಆರ್ಡರ್ ಆಯ್ತು. 60,000ದ ಮೇಲೆ ಒಂದು ರೂಪಾಯಿ ಇಲ್ಲ ಅಂತ ಅಪ್ಪ ಮೊದಲೇ ಕಡ್ಡಿ ಮುರಿದಂಗೆ ಹೇಳಿದ್ದರು. ಅವ್ವನಿಗೆ ವಂಕಿ ಉಂಗುರ ಆಗಬೇಕು, ತಮ್ಮನಿಗೆ ಒಂಟಿ ಹರಳಿನ ವಜ್ರ. "ವಜ್ರ ಎಲ್ಲರಿಗೂ ಆಗಿಬರಲ್ಲ" ಅಂತ ಅವ್ವ ಶುರು ಮಾಡಿದ್ದು ಮಂಡಿಪೇಟೆ ಮುಟ್ಟೋವರೆಗೂ ನಿಲ್ಲಲಿಲ್ಲ.

ಮೊದಲ ಅಂಗಡಿಯಲ್ಲಿ ಬಿಳಿ ಹರಳು ತುಂಬಿದ ಉಂಗುರವೊಂದು ಅವ್ವನಿಗೂ ಹಿಡಿಸಿತು. ಚೀಟಿ ತಿರುಗಿಸಿ ನೋಡಿದೆ, ಬರೆದಿದ್ದು ಒಟ್ಟು ತೂಕ ಮಾತ್ರ. ಹರಳಿನ ತೂಕ ಎಷ್ಟು ಅಂದರೆ ಅಂಗಡಿ ಹುಡುಗ ಮ್ಯಾನೇಜರ್ ಕಡೆ ನೋಡಿದ. ಹರಳೇ 0.4 ಗ್ರಾಂ ಇದ್ದು, 22 ಕ್ಯಾರೆಟ್ ಬಂಗಾರ ಗ್ರಾಂಗೆ 8,000 ಅಂತ ಹಿಡಿದರೆ, ಗಾಜಿನಂಥ ಕಲ್ಲಿಗೆ ಬಂಗಾರದ ರೇಟಲ್ಲಿ 3,200 ಕೊಟ್ಟಂತಾಯ್ತು. ಅದರ ಮೇಲೆ ವೇಸ್ಟೇಜು, ಅಂದರೆ ಕೆಲಸದಲ್ಲಿ ಸವೆದ ಬಂಗಾರದ ಲೆಕ್ಕ ಬೇರೆ. ವಾಪಸ್ ಕೊಡೋಕೆ ಹೋದ ದಿನ ಮಾತ್ರ ಅದೇ ಕಲ್ಲನ್ನ ತಪ್ಪದೇ ಕಳೆದು ತೂಗುತ್ತಾರೆ! ಅಲ್ಲಿಂದ ಎದ್ದೆವು.

ಉಂಗುರದಲ್ಲಿ ದುಡ್ಡು ಉಳಿಯೋದು ಬಂಗಾರದ ರೇಟಲ್ಲಲ್ಲ, ಅದು ಎಲ್ಲ ಅಂಗಡೀಲೂ ಹೆಚ್ಚುಕಮ್ಮಿ ಒಂದೇ. ನೋಡಬೇಕಾದ್ದು ಮೇಕಿಂಗು, ಅಂದರೆ ಮಾಡೋ ಕೂಲಿ. ನಾಲ್ಕು ಗ್ರಾಂ ಉಂಗುರಕ್ಕೆ ಒಬ್ಬರು ನೂರಕ್ಕೆ 10 ಅಂದರೆ 3,200, ಇನ್ನೊಬ್ಬರು 22 ಅಂದರೆ 7,040. ಕೇಳಿದರೆ ಇಳಿಸುತ್ತಾರೆ, ಸುಮ್ಮನಿದ್ದರೆ ಯಾರೂ ಇಳಿಸಲ್ಲ. 3% ಜಿಎಸ್‌ಟಿಗೆ ಮಾತ್ರ ಚೌಕಾಸಿ ಇಲ್ಲ.

ಕೊನೆಗೆ ಒಪ್ಪಿದ್ದು ಸಣ್ಣ ಅಂಗಡಿಯ ಯಜಮಾನರ ಮಾತು. "ನೋಡ್ರಿ ಅಕ್ಕಾರೆ, 22 ಕ್ಯಾರೆಟ್ ಮೆತ್ತಗಿರತೈತಿ, ವಜ್ರ ಹಿಡಕಣಾಕ 18 ಬೇಕು" ಅಂದರು. 18 ಅಂದರೆ ನೂರರಲ್ಲಿ 75 ಪಾಲು ಬಂಗಾರ. 22 ಕ್ಯಾರೆಟ್‌ಗೆ 8,000 ಇದ್ದರೆ ಇದಕ್ಕೆ 6,550ರ ಆಸುಪಾಸು ಇರಬೇಕು. ಲೆಕ್ಕ ಹಾಕಿ ತೋರಿಸಿ ಅಂದೆ, ಬೇಸರವಿಲ್ಲದೆ ತೋರಿಸಿದರು. ಭೂತಗನ್ನಡಿ ಕೊಟ್ಟು ಉಂಗುರದ ಒಳಮೈ ನೋಡಲು ಹೇಳಿದರು: ಸರ್ಕಾರದ ಮಾನಕ ಸಂಸ್ಥೆ ಬಿಐಎಸ್‌ನ ತ್ರಿಕೋನ, ಪಕ್ಕದಲ್ಲಿ 18ಕೆ750, ಆಮೇಲೆ ಅಕ್ಷರ-ಅಂಕಿ ಬೆರೆತ ಆರರ, ಆ ಒಡವೆಗೆ ಮಾತ್ರ ಸೇರಿದ ಗುರುತಿನ ಸಂಖ್ಯೆ, ಎಚ್‌ಯುಐಡಿ. ಇರುವೆ ಸಾಲಿನಷ್ಟು ಸಣ್ಣದು. ಬಿಐಎಸ್ ಕೇರ್ ಆ್ಯಪಲ್ಲಿ ತಮ್ಮ ಆ ಆರನ್ನ ಒತ್ತಿದ, ಉಂಗುರ ಅಂತಲೂ ಶುದ್ಧತೆ ಎಷ್ಟು ಅಂತಲೂ ಬಂತು. 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಎರಡು ಗ್ರಾಂ ಒಳಗಿನದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. "ಲೈಟ್‌ವೇಟ್" ಅಂತ ಮುಂದಿಟ್ಟ 1.8 ಗ್ರಾಂ ಉಂಗುರವನ್ನ ನಾನು ಪಕ್ಕಕ್ಕೆ ಸರಿಸಿದ್ದು ಅದಕ್ಕೇ.

ವಜ್ರದಲ್ಲಿ ತಮ್ಮನ ಕಣ್ಣು ಅರ್ಧ ಕ್ಯಾರೆಟ್ ಮೇಲಿತ್ತು. ಕ್ಯಾರೆಟ್ ಅಂದರೆ ಇಲ್ಲಿ ತೂಕ, 0.2 ಗ್ರಾಂ. 0.30, 0.50 ಇಂಥ ಗುಂಡು ಅಂಕಿ ಮುಟ್ಟಿದ ಕೂಡಲೇ ರೇಟು ಜಿಗಿಯುತ್ತದೆ. 0.28 ಮತ್ತು 0.30 ಎರಡನ್ನೂ ಅಂಗೈಯಲ್ಲಿಟ್ಟು ಕೇಳಿದರು, ಮೂವರಿಗೂ ಯಾವುದು ಯಾವುದು ತಿಳಿಯಲಿಲ್ಲ. ಹೊಳಪು ಬರೋದು ಕಟಿಂಗಿನಿಂದ. ಅದರಲ್ಲಿ ರಾಜಿ ಬೇಡ, ಬಣ್ಣದಲ್ಲಿ ಸ್ವಲ್ಪ ಇಳಿದರೆ ನಡೆಯುತ್ತೆ ಅಂದರು. ಹಳದಿ ಬಂಗಾರದಲ್ಲಿ ಕೂತ ಮೇಲೆ ಎಚ್, ಐ ಅನ್ನೋ ಬಣ್ಣದ ದರ್ಜೆಯ ನಸು ಹಳದಿ ಯಾರ ಕಣ್ಣಿಗೂ ಬೀಳಲ್ಲ.

ಲ್ಯಾಬಲ್ಲಿ ಬೆಳೆಸಿದ್ದನ್ನೂ ತೋರಿಸಿದರು. ಅದೂ ಇಂಗಾಲವೇ, ಬರಿಗಣ್ಣಿಗೆ ಗೊತ್ತಾಗಲ್ಲ, ಬೆಲೆ ಎಷ್ಟೋ ಕಮ್ಮಿ. ಮಾರೋಕೆ ಹೋದರೆ ಕೇಳೋರು ಕಮ್ಮಿ, ಅಷ್ಟೇ. ನಿಶ್ಚಿತಾರ್ಥದ ಉಂಗುರವನ್ನ ಯಾರು ಮಾರುತ್ತಾರೆ ಅಂತ ನಾನು ಅದರ ಪರವೇ ಇದ್ದೆ. ಅವ್ವ ಮಾತ್ರ "ಫ್ಯಾಕ್ಟರಿ ವಜ್ರ ಹಾಕಿದ್ರು ಅಂತ ಬೀಗರು ಆಡಿಕೊಳ್ಳಲ್ಲೇನು?" ಅಂದಳು. ಆ ವಿಷಯ ಅಲ್ಲಿಗೇ ಮುಗೀತು. ಗಣಿಯ 0.28ನ್ನೇ ವಜ್ರ ಪರೀಕ್ಷಿಸೋ ಐಜಿಐ ಲ್ಯಾಬಿನ ಸರ್ಟಿಫಿಕೇಟ್ ಸಮೇತ ಹಿಡಿದೆವು.

ಹುಡುಗಿಗೆ ಫೋನ್ ಮಾಡಿ ಕೇಳಿದ್ದು ಒಳ್ಳೇದಾಯ್ತು. ಅವಳು ನರ್ಸು, ದಿನವಿಡೀ ಗ್ಲೌಸ್. "ಹರಳು ಮೇಲೆದ್ದಿರೋದು ಬ್ಯಾಡ ಅಕ್ಕ, ಗ್ಲೌಸ್ ಹರಿಯುತ್ತೆ" ಅಂದಳು. ನಾಲ್ಕು ಕಾಲಿನ ಮೇಲೆ ಹರಳು ನಿಲ್ಲಿಸಿದ ಮಾದರಿಯ ಮೇಲೆ ಅವ್ವ ಸೆರಗು ಎಳೆದು ನೋಡಿದಳು, ಜರಿ ಎಳೆ ಸಿಕ್ಕಿಕೊಂಡೇಬಿಡ್ತು. ಹಾಗಾಗಿ ಹರಳಿನ ಸುತ್ತ ಬಂಗಾರದ ಅಂಚು ಕಟ್ಟಿ ತಗ್ಗಾಗಿ ಕೂರಿಸೋದನ್ನ ಆರಿಸಿದೆವು. ಹರಳು ಕೊಂಚ ಚಿಕ್ಕದಾಗಿ ಕಾಣುತ್ತದೆ, ಆದರೆ ಅಲ್ಲಾಡಲ್ಲ.

ಬಂಗಾರದ ನೆಟ್ ತೂಕ, ವಜ್ರದ ತೂಕ ಮತ್ತು ದರ್ಜೆ, ಮೇಕಿಂಗು, ವಾಪಸ್ ಕೊಟ್ಟರೆ ಎಷ್ಟು ಕಡಿತ, ಎಲ್ಲ ಬೇರೆ ಬೇರೆ ಬರೆಸಿಕೊಂಡೆ. ಒಟ್ಟು 54,000 ಚಿಲ್ಲರೆ. ಅಪ್ಪ ಬಿಲ್ ಎರಡು ಸಲ ಓದಿ ಏನೂ ಅನ್ನಲಿಲ್ಲ. ಅವರ ಒಪ್ಪಿಗೆ ಅಂದರೆ ಇಷ್ಟೇ.

ಬೆರಳಿನ ಅಳತೆ ಸೋಮವಾರದೊಳಗೆ ಕೊಡಬೇಕು. ಬೆಳಗಿನ ಚಳಿಗೆ ಬೆರಳು ಸಣ್ಣಗಿರುತ್ತೆ, ಸಂಜೆ ಹೊತ್ತು ತಗೊಳ್ಳಿ ಅಂತ ಹೇಳಿ ಅಳತೆಯ ಉಂಗುರಗಳ ಗೊಂಚಲನ್ನೇ ಕೊಟ್ಟಿದ್ದಾರೆ. ನಾಳೆ ಸಂಜೆ ಅದನ್ನ ಹಿಡಿದು ಹರಿಹರಕ್ಕೆ, ಹುಡುಗಿಯ ಹತ್ತಿರ ಹೋಗೋ ಕೆಲಸ ತಮ್ಮನದು. ಮನೆಯ ಯಾವ ಕೆಲಸಕ್ಕೂ ಅವನು ಇಷ್ಟು ಬೇಗ ಹೂಂ ಅಂದಿದ್ದನ್ನ ನಾನಂತೂ ಕಂಡಿಲ್ಲ.