ಮಾತಿನ ಗಡಿಯಾರ, ಕಂತು 3: ‘ಮಧ್ಯಾಹ್ನ’ದ ಒತ್ತು

ಕೊನೆಗೂ ‘ಮಧ್ಯಾಹ್ನ’ ಸರಿಯಾಗಿ ಕಾಣುತ್ತಿದೆ. ನಾಲ್ಕು ವಾರ ಹಿಡಿಯಿತು. ಅದರಲ್ಲಿ ಮೂರು ವಾರ ಮೆಷಿನ್ ತಪ್ಪು, ಒಂದು ವಾರ ನನ್ನದು.

ಮೊದಲ ಸಲ ಓದುವವರಿಗೆ: ಇದು ನಮ್ಮ ಗುರುವಾರದ ಮೆಮೊರಿ ಕ್ಲಿನಿಕ್ಕಿನಲ್ಲಿ ಜನ ಕಾದು ಕೂರುವ ಜಾಗದ ಗಡಿಯಾರ. ಮುಳ್ಳಿಲ್ಲ, ನಿಮಿಷ ಇಲ್ಲ. ವಾರ, ಹೊತ್ತು, ಕೆಳಗೆ ತಾರೀಕು, ಅಷ್ಟೇ. ಡಿಮೆನ್ಶಿಯಾ ಬಂದವರಿಗೆ ಮುಳ್ಳಿನ ಗಡಿಯಾರ ಬೇಗ ಕೈಕೊಡುತ್ತದೆ. ಅಕ್ಷರ ಓದುವ ಅಭ್ಯಾಸ ಎಷ್ಟೋ ಜನರಲ್ಲಿ ತುಂಬಾ ದಿನ ಉಳಿದಿರುತ್ತದೆ. ಒಳಗಿರುವುದು ಈಎಸ್‌ಪಿ32 (ಪುಟ್ಟ ಕಂಪ್ಯೂಟರ್ ಬೋರ್ಡು), 7.5 ಇಂಚಿನ ಇ-ಪೇಪರ್ (ಕಾಗದದಂತೆ ಕಾಣುವ ಪರದೆ), ಡಿಎಸ್3231 (ಸಮಯ ಲೆಕ್ಕ ಇಡುವ ಚಿಪ್). ಸೋಲ್ಡರಿಂಗ್, ಡಬ್ಬಿ ಎಲ್ಲ ಕಂತು 2ರಲ್ಲೇ ಮುಗಿದಿದೆ.

ಕಾಟ ಕೊಟ್ಟಿದ್ದು ಒತ್ತಕ್ಷರ. ಈ ಪುಟ್ಟ ಬೋರ್ಡುಗಳ ಲೈಬ್ರರಿಗಳಿಗೆ ಕನ್ನಡ ಅಂದರೆ ಬಸ್ಸಿಗೆ ನಿಂತ ಕ್ಯೂ. ಹ, ಅರ್ಧಾಕ್ಷರದ ಚಿಹ್ನೆ, ನ ಮೂರನ್ನೂ ಒಂದರ ಪಕ್ಕ ಒಂದು ನಿಲ್ಲಿಸುತ್ತವೆ. ನ ಕೆಳಗಿಳಿದು ಹ ಕಾಲಬುಡದಲ್ಲಿ ಕೂರಬೇಕು ಅನ್ನೋದು ಅವಕ್ಕೆ ಗೊತ್ತೇ ಇಲ್ಲ. ನಮ್ಮ ಫೋನಿನಲ್ಲಿ ಆ ಕೆಲಸವನ್ನು ಹಾರ್ಫ್‌ಬಝ್‌ನಂಥ ಪ್ರೋಗ್ರಾಂ ಸದ್ದಿಲ್ಲದೆ ಮಾಡಿಬಿಡುತ್ತದೆ. ನಾನು ಒತ್ತುಗಳನ್ನು ಬೇರೆ ಮಾಡಿ, ಒಂದೊಂದಕ್ಕೂ ಜಾಗ ಲೆಕ್ಕ ಹಾಕಿ ಕೂರಿಸಲು ಹೋದೆ. ‘ರಾತ್ರಿ’ ಸರಿಹೋದರೆ ‘ಶುಕ್ರವಾರ’ ಕೆಡುತ್ತಿತ್ತು. ‘ಸೆಪ್ಟೆಂಬರ್’ ಬಗ್ಗೆ ಮಾತೇ ಬೇಡ.

ಒಂದು ಭಾನುವಾರ ತಲೆಗೆ ಹೊಳೆಯಿತು: ಈ ಗಡಿಯಾರಕ್ಕೆ ಬೇಕಾದ ಪದಗಳೇ ಬೆರಳೆಣಿಕೆ. 7 ವಾರ, 12 ತಿಂಗಳು, 5 ಹೊತ್ತು, 10 ಅಂಕಿ. ಒಟ್ಟು 34. ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ, ಒತ್ತು ಸರಿಯಾಗಿ ಕೂರಿಸಬಲ್ಲ ಪ್ಯಾಂಗೋ ಅನ್ನೋ ಪ್ರೋಗ್ರಾಂನಿಂದ ಚಿತ್ರ ಮಾಡಿ ಬೋರ್ಡಿಗೆ ತುಂಬಿದೆ. 640×120 ಚುಕ್ಕಿಗಳ ಒಂದು ಚಿತ್ರಪಟ್ಟಿಗೆ 9,600 ಬೈಟ್. 34 ಸೇರಿದರೂ 320 ಕೆಬಿ ದಾಟುವುದಿಲ್ಲ, ಬೋರ್ಡಿನ ಫ್ಲ್ಯಾಶ್ ಮೆಮೊರಿ 4 ಎಂಬಿ. ಮೂರು ವಾರ ಸುಮ್ನೆ ಒದ್ದಾಡಿದೆ.

ನಡುವೆ ಅಂಗಡಿಯವರ ಕೃಪೆ ಬೇರೆ. ಹೆಚ್ಚುವರಿಯಾಗಿ ಎರಡು ಡಿಎಸ್3231 ಕೇಳಿದ್ದೆ, ಬಂದಿದ್ದು ಅಷ್ಟು ನಿಖರವಲ್ಲದ ಡಿಎಸ್1307. ಫೋನ್ ಮಾಡಿದರೆ, “ಎರಡೂ ಟೈಮೇ ತೋರ್ಸುತ್ತೆ ಅಲ್ವಾ ಸಾರ್?” ಅಂದ. (ಡಿಎಸ್3231ರ ನೀಲಿ ಬೋರ್ಡಿನವರೇ, 201 ಗುರುತಿನ ರೆಸಿಸ್ಟರ್ ಕೀಳದೆ ಸಿಆರ್2032 ಸೆಲ್ ಹಾಕಬೇಡಿ. ಬೋರ್ಡು ಅದನ್ನು ಚಾರ್ಜ್ ಮಾಡಲು ಹೋಗುತ್ತದೆ. ಅದು ಚಾರ್ಜ್ ಆಗುವ ಸೆಲ್ ಅಲ್ಲ.)

ಕ್ಲಿನಿಕ್ಕಿಗೆ ಮುಖ್ಯಸ್ಥ ನಾನೇ. ಗಡಿಯಾರಕ್ಕೆ ಅಲ್ಲ. ಆಕ್ಯುಪೇಶನಲ್ ಥೆರಪಿಸ್ಟ್ ಹೇಳಿದರು, ಅಕ್ಷರ ಇನ್ನೂ ದಪ್ಪ ಆಗಬೇಕು. ಸೋಶಿಯಲ್ ವರ್ಕರ್‌ಗೆ ಮನೆಮನೆಗೆ ಕೊಡುವಷ್ಟು ಅಗ್ಗ ಆಗಬೇಕು. ಸೈಕಾಲಜಿಸ್ಟ್ ಮಾತ್ರ ನೇರವಾಗಿ ತಕರಾರು ತೆಗೆದರು: “ಸರ್, ಇವತ್ತು ಯಾವ ವಾರ ಅಂತ ನಾನು ಟೆಸ್ಟ್‌ನಲ್ಲಿ ಕೇಳ್ತೀನಿ. ನೀವು ಉತ್ತರ ಗೋಡೆ ಮೇಲೆ ನೇತುಹಾಕ್ತೀರಿ.” ಕಾಪಿ ಹೊಡೆಸಿದ ಮೇಷ್ಟ್ರಂತೆ ನಿಂತೆ. ಈಗ ಟೆಸ್ಟ್ ಮುಗಿಯುವವರೆಗೂ ಅದಕ್ಕೆ ಟವೆಲ್ ಹೊದಿಸುವುದು ನರ್ಸ್ ಕೆಲಸ.

ಟವೆಲ್ ತೆಗೆದ ಮೊದಲ ದಿನವೇ ಸಿಕ್ಕಿಬಿದ್ದೆ. ಒಬ್ಬರು ಅಜ್ಜಿ, ರಿಟೈರ್ಡ್ ಕನ್ನಡ ಟೀಚರ್. ಟೆಸ್ಟ್‌ನಲ್ಲಿ ವಾರ ಹೇಳಲಾಗಿರಲಿಲ್ಲ, ತಿಂಗಳೂ ತಪ್ಪಿತ್ತು. ಹೊರಗೆ ಬಂದು ಗಡಿಯಾರದ ಮುಂದೆ ನಿಂತರು. ಕನ್ನಡಕ ಮೇಲೆತ್ತಿ, ಗಾಜಿನ ಮೇಲೆ ಬೆರಳಿಟ್ಟರು.

“ಯಾರಪ್ಪ ಬರೆದಿದ್ದು? ಹಕಾರಕ್ಕೆ ನ ಒತ್ತು. ನಕಾರಕ್ಕೆ ಹ ಒತ್ತಲ್ಲ.”

ನಾನು ಟೈಪ್ ಮಾಡಿದ್ದೇ ‘ಮಧ್ಯಾನ್ಹ’! ಬಾಯಲ್ಲಿ ಹಾಗೇ ಅಂತೀವಿ, ಕೈಯಲ್ಲೂ ಹಾಗೇ ಬಂತು. ಮೂರು ವಾರ ಒತ್ತು ಎಲ್ಲಿ ಕೂತಿದೆ ಅಂತ ನೋಡಿದವನು ಯಾವ ಒತ್ತು ಅಂತ ನೋಡಲೇ ಇಲ್ಲ. ಜೊತೆಗೆ ಬಂದಿದ್ದ ಮಗಳು ನಗಬೇಕೋ ಅಳಬೇಕೋ ತಿಳಿಯದೆ ಅಮ್ಮನ ಕೈ ಹಿಡಿದುಕೊಂಡರು. ಟೀಚರ್ ಮಾತ್ರ ನಾನು ಇನ್ನೊಮ್ಮೆ ಬರೆದು ತೋರಿಸುವವರೆಗೂ ಕದಲಲಿಲ್ಲ. ಪ್ರಿಸ್ಕ್ರಿಪ್ಶನ್ ಹಾಳೆಯ ಹಿಂದೆ ಬರೆದು ತೋರಿಸಿದೆ. ಒಂದು ರೈಟ್ ಮಾರ್ಕ್ ಬಿತ್ತು.

ಇ-ಪೇಪರ್ ಬದಲಾಗುವಾಗ ಕಪ್ಪು ಬಿಳುಪು ಮಿನುಗುವುದು ಇನ್ನೂ ಇದೆ. ಒಬ್ಬ ಅಜ್ಜ ಕರೆಂಟ್ ಹೋಯ್ತು ಅಂತ ಎದ್ದೇಬಿಟ್ಟರು. ದಿನಕ್ಕೆ ಐದೇ ಸಲ ಬದಲಾಗುವುದರಿಂದ ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.

ನಿಜ ಹೇಳಬೇಕಂದ್ರೆ ಮನಸ್ಸು ಆಗಲೇ ಮುಂದಿನ ಪ್ರಾಜೆಕ್ಟಿಗೆ ಹೋಗಿದೆ: ಒಂದೇ ಗುಂಡಿಯ ರೇಡಿಯೋ. ತಿರುಗಿಸಿದರೆ ಹಳೇ ಹಾಡು, ಬೇರೆ ಏನೂ ಇಲ್ಲ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮನಃಶಾಸ್ತ್ರದ ಪ್ರೊಫೆಸರ್. ಹಾಗಾಗಿ ರೇಡಿಯೋ ನಮ್ಮ ಕ್ಲಿನಿಕ್ಕಿನ ಕೆಲಸವೇ ಅಂತ ಸೈಕಾಲಜಿಸ್ಟ್ ಹತ್ತಿರ ವಾದ ಮಾಡಿ ನೋಡಿದೆ. ಮೊದಲು ಟವೆಲ್ ವ್ಯವಸ್ಥೆ ಸರಿ ಮಾಡಿ ಅಂದರು.

ಟೀಚರ್ ಮತ್ತೆ ಬರುವುದು ಮೂರು ತಿಂಗಳಿಗೆ. ಅಷ್ಟರೊಳಗೆ ಉಳಿದ ಪದಗಳನ್ನೆಲ್ಲ ತಿದ್ದಿಡಬೇಕು. ‘ಬೆಳಗ್ಗೆ’ಯೋ ‘ಬೆಳಿಗ್ಗೆ’ಯೋ ಅಂತ ನಮ್ಮ ಟೀಮಿನಲ್ಲೇ ಎರಡು ಪಕ್ಷ ಆಗಿದೆ.